ಹೊಟ್ಟು ಕುಟ್ಟಿ ಕಾಸಿದ ನೀರು

ಬೆಟಗೇರಿಯಲ್ಲಿ ಹಂಡೆಯ ಕೆಳಗೆ ಬೆಂಕಿ ಹಾಕುವುದನ್ನು ಮಂದಿ ಮರೆತು ಒಂದು ತಲೆಮಾರೇ ಕಳೆದಿತ್ತು. ಅಲ್ಲಿ ನೀರು ಕಾಯುತ್ತಿದ್ದುದು ಲೆಕ್ಕದ ಬಿಸಿಗೆ.

ದೊಡ್ಡ ದೊಡ್ಡ ಗಣಕಶಾಲೆಗಳು ಮೈ ತಂಪು ಮಾಡಿಕೊಳ್ಳಲು ಕೆರೆಗಟ್ಟಲೆ ನೀರು ಕುಡಿಯತೊಡಗಿದ ಕಾಲಕ್ಕೆ ಒಂದು ಕಾನೂನು ಬಂದಿತ್ತು. ಲೆಕ್ಕ ಮಾಡುವಾಗ ಹುಟ್ಟಿದ ಬಿಸಿ ಯಾರಾದರೊಬ್ಬರ ಉಪಯೋಗಕ್ಕೆ ಬೀಳಲೇಬೇಕು, ಸುಮ್ಮನೆ ಗಾಳಿಗೆ ಬಿಡಕೂಡದು. ಆಗ ಆ ಶಾಲೆಗಳನ್ನು ಬಿಚ್ಚಿ ಪ್ರೊಸೆಸರುಗಳನ್ನು ಮನೆಮನೆಗೆ ಹಂಚಿದರು. ಪ್ರತಿ ಬಚ್ಚಲಿನ ಹಂಡೆಯ ತಳದಲ್ಲಿ ರೊಟ್ಟಿಯಷ್ಟಗಲದ ಒಂದು ತಾಮ್ರದ ಬಿಲ್ಲೆ ಕೂತಿತು. ಎಲ್ಲಿಯದೋ ಮಳೆಯ ಲೆಕ್ಕ, ಯಾವುದೋ ಸೇತುವೆಯ ಲೆಕ್ಕ, ದೂರದ ಯಾವುದೋ ನಕ್ಷತ್ರದ ಲೆಕ್ಕ. ದೊಡ್ಡ ಕೆಲಸವನ್ನು ಸಾವಿರಾರು ತುತ್ತು ಮಾಡಿ ಊರ ಬಿಲ್ಲೆಗಳಿಗೆಲ್ಲ ಉಣಿಸಿದರೆ, ಅವು ಅರಗಿಸಿಕೊಂಡು ಉತ್ತರ ಕಳಿಸುತ್ತಿದ್ದವು. ಅರಗಿಸುವಾಗಿನ ಬಿಸಿಗೆ ಹಂಡೆ ಕಾಯುತ್ತಿತ್ತು. ಇವತ್ತು ಏನು ಲೆಕ್ಕ ಆಯಿತೆಂದು ಹಂಡೆಯ ಕೊರಳಲ್ಲಿ ಅಂಗೈಯಗಲದ ಫಲಕದ ಮೇಲೆ ಒಂದು ಸಾಲು ಮೂಡುತ್ತಿತ್ತು. ನಳದ ಮುಂದೆ ಕೊಡ ಹಿಡಿದು ನಿಂತ ಹೆಂಗಸರಿಗೆ ಅದೇ ಮಾತು.

"ನಮ್ಮ ಹಂಡಿ ಇವತ್ತ ಚುಕ್ಕಿ ಲೆಕ್ಕ ಮಾಡೇತಿ ನೋಡ್ರಿ."

"ಚುಕ್ಕಿ ತಗೊಂಡು ಏನ್ ಒಗ್ಗರಣಿ ಹಾಕ್ತಿ? ನಮ್ಮದು ಹಿಂಗಾರಿ ಮಳಿದು ಮಾಡೇತಿ."

ಈ ಏರ್ಪಾಡಿಗೆ ಇದ್ದ ಎಲ್ಲೆ ಒಂದೇ. ಕಾದ ನೀರಿಗೆ ಮತ್ತೆ ಬಿಸಿ ತುಂಬಲು ಬರುವುದಿಲ್ಲ. ನೀರು ಮೀಯುವಷ್ಟು ಕಾಯಿತೆಂದರೆ ಬಿಲ್ಲೆ ಬಾಯಲ್ಲಿದ್ದ ತುತ್ತು ಮುಗಿಸಿ ಕಣ್ಣು ಮುಚ್ಚುತ್ತಿತ್ತು. ಯಾರಾದರೂ ಆ ನೀರು ತೋಡಿ ತಣ್ಣೀರು ಹೊಯ್ದ ಮೇಲೆಯೇ ಅದಕ್ಕೆ ಮತ್ತೆ ಎಚ್ಚರ. ಹಾಗಾಗಿ ಕಪ್ಪತಗುಡ್ಡದ ಗಾಳಿ ಫ್ಯಾನುಗಳು ಎಷ್ಟೇ ಕರೆಂಟು ಕಳಿಸಲಿ, ಊರಿನಲ್ಲಿ ತಣ್ಣೀರು ಎಷ್ಟಿದೆಯೋ ಅಷ್ಟೇ ಲೆಕ್ಕ.

ಯಾವ ತುತ್ತು ಯಾವ ಹಂಡೆಗೆ ಎಂದು ಗೊತ್ತುಮಾಡುವ ಹಂಚಿಕೆ ಕೇಂದ್ರ ಹಳೆಯ ಹತ್ತಿ ಜಿನ್ನಿನ ಅಟ್ಟದ ಮೇಲಿತ್ತು. ಸುಗಲಾ ಅಲ್ಲಿ ಹಂಚಿಕೆಯ ನಿಯಮ ಬರೆಯುವವಳು. ನಾಲ್ಕು ಮಂದಿ ಎದುರು ಬಂದರೆ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಗೋಡೆಗೆ ಸರಿಯುವ ಹುಡುಗಿ. ಮಾತನಾಡಬೇಕಾದ ಫೋನು ಬಂದರೆ ಎರಡು ಸಲ ರಿಂಗಾಗಲು ಬಿಟ್ಟು, ಮನಸ್ಸಿನಲ್ಲೇ ಮೊದಲ ವಾಕ್ಯ ಕಟ್ಟಿಕೊಂಡು ಎತ್ತುವವಳು. ಊರಿನ ಪ್ರತಿ ಬಚ್ಚಲೂ ಅವಳಿಗೆ ಗೊತ್ತಿತ್ತು. ಅದರಲ್ಲಿ ಮೀಯುವ ಮಂದಿಯ ಗುರುತಿರಲಿಲ್ಲ.

ಅವತ್ತು ನೀರು ತುಂಬುವ ಹಬ್ಬ. ಮರುದಿನ ಬೆಳಕು ಹರಿಯುವ ಮುಂಚೆ ಇಡೀ ಊರು ಎಣ್ಣೆ ಹಚ್ಚಿಕೊಂಡು ಎರೆದುಕೊಳ್ಳಬೇಕು. ಗೋಡೆಯ ಮೇಲಿನ ದೊಡ್ಡ ನಕ್ಷೆಯಲ್ಲಿ ಒಂದೊಂದು ಮನೆಗೆ ಒಂದೊಂದು ಚುಕ್ಕೆ. ತಣ್ಣಗಿದ್ದರೆ ನೀಲಿ, ಕಾದರೆ ಕೆಂಪು. ಮಧ್ಯಾಹ್ನದಿಂದ ನೀಲಿ ಚುಕ್ಕೆಗಳೆಲ್ಲ ಒಂದೇ ಸಮ ಬಣ್ಣ ತಿರುಗುತ್ತ, ಸಂಜೆ ಐದಕ್ಕೆ ನಕ್ಷೆ ಪೂರ್ತಿ ಕುಂಕುಮದ ಬಟ್ಟಲಿನ ಹಾಗಾಗಿತ್ತು. ಒಂದು ಮನೆ ಹೆಚ್ಚಿಲ್ಲ, ಒಂದು ಮನೆ ಕಡಿಮೆಯಿಲ್ಲ.

"ಶಾಭಾಸ್," ಅಂದರು ಕಬಾಡಿ ಸರ್, ಚಹಾದ ಬಸಿಯಿಂದ ತುಟಿ ತೆಗೆದು. ಕೇಂದ್ರದ ಮುಖ್ಯಸ್ಥರು ಅವರು; ಪಟ್ಟೆಸೀರೆ ನೇಯುವ ಮನೆತನದವರು. "ಹೋದ ವರ್ಷ ನೆನಪೈತಿ ಹೌದಿಲ್ಲೊ? ಅರ್ಧ ಊರು ಸುಟ್ಟುಕೊಂಡು, ಅರ್ಧ ಊರು ನಡುಗಿಕೋತ ಬಂದು ಬಾಗಲದಾಗ ಕುಂತಿತ್ತು."

ಸುಗಲಾ ಮರೆತಿರಲಿಲ್ಲ. ಹೋದ ವರ್ಷ ನಿಜವಾದ ಕೆಲಸಗಳನ್ನೇ ಹಂಚಿದ್ದರು. ನಿಜವಾದ ಕೆಲಸದ ತುತ್ತುಗಳು ಒಂದೇ ಅಳತೆಯವಲ್ಲ. ಒಂದು ಎರಡು ನಿಮಿಷಕ್ಕೆ ಮುಗಿದರೆ ಇನ್ನೊಂದು ಎರಡು ತಾಸು ಅಗಿಯುತ್ತದೆ. ಎಷ್ಟು ಹೊತ್ತೆಂದು ಬಾಯಿಗೆ ಹಾಕುವ ಮುಂಚೆ ಹೇಳಲು ಬರುವುದಿಲ್ಲ. ಅಕ್ಕಪಕ್ಕದ ಮನೆಯಲ್ಲೇ ಒಬ್ಬರಿಗೆ ಕುದಿನೀರು, ಒಬ್ಬರಿಗೆ ಉಗುರುಬೆಚ್ಚಗೆ. ಹಬ್ಬದ ಬೆಳಿಗ್ಗೆ ಹೆಂಗಸರು ಖಾಲಿ ತಂಬಿಗೆ ಹಿಡಿದು ಜಿನ್ನಿನ ಮುಂದೆ ಕೂತಿದ್ದರು. ಆಗ ಸುಗಲಾ ಬಾಗಿಲ ಹಿಂದೆ ನಿಂತು ಅವರ ಬೈಗುಳ ಕೇಳಿಸಿಕೊಂಡಿದ್ದಳು, ಹೊರಗೆ ಬರಲು ಧೈರ್ಯ ಸಾಲದೆ.

ಅದಕ್ಕೇ ಈ ವರ್ಷ ಅವಳು ಹೊಟ್ಟು ಕುಟ್ಟಿಸಿದ್ದಳು. ಕೇಂದ್ರದೊಳಗಿನ ಮಾತು ಅದು. ಸುಮ್ಮನೆ ಯಾವುದೋ ಅಂಕಿಗೆ ಯಾವುದೋ ಅಂಕಿ ಗುಣಿಸಿ, ಬಂದ ಉತ್ತರ ಒಗೆಯುವುದು. ಯಾರಿಗೂ ಬೇಡದ ಲೆಕ್ಕ, ಆದರೆ ಎಲ್ಲ ತುತ್ತೂ ಅಚ್ಚಿನಲ್ಲಿ ಒತ್ತಿದ ಹಾಗೆ ಒಂದೇ ಅಳತೆ, ಎಲ್ಲ ಹಂಡೆಗೂ ಒಂದೇ ಬಿಸಿ. ಸರದಿಯಲ್ಲಿದ್ದ ನಿಜವಾದ ಕೆಲಸಗಳನ್ನು ಮರುದಿನ ಮಂದಿ ಎರೆದುಕೊಂಡ ಮೇಲೆ ಹಂಚಿದರಾಯಿತೆಂದು ಹಿಂದಕ್ಕೆ ದೂಡಿದ್ದಳು. ಸರದಿಯಲ್ಲಿ ಇರುವ ತನಕ ಅವುಗಳ ಮೇಲೆ ಹೆಸರಿರುವುದಿಲ್ಲ. ಯಾರಿಗೂ ಪಕ್ಷಪಾತ ಆಗದಿರಲೆಂದು ಬರೀ ಒಂದು ನಂಬರು, ಮತ್ತು ಉತ್ತರ ಯಾವಾಗ ಬೇಕೆಂಬ ಗಡುವು. ಮಧ್ಯಾಹ್ನ ಹೊಸದಾಗಿ ಬಂದು ಸೇರಿದ ಒಂದಕ್ಕೆ ನಾಳೆ ಮಧ್ಯಾಹ್ನದ ಗಡುವು ಇತ್ತು. ಬೇಕಾದಷ್ಟು ಹೊತ್ತಿದೆ ಅಂದುಕೊಂಡಿದ್ದಳು.

"ಹೋಗು, ಮನಿಗೆ ಹೋಗಿ ಪೂಜಿ ಮುಗಿಸ್ಕೊಂಡು ಬಾ," ಅಂದರು ಸರ್. "ನಿಮ್ಮ ಅಕ್ಕ ಹೆಂಗದಾಳ?"

"ಜ್ವರ ಹಂಗ ಐತ್ರಿ. ಏನೋ ಪರೀಕ್ಷೆ ಮಾಡಾಕತ್ತೇವಿ ಅಂದಾರ."

*

ಕುರಹಟ್ಟಿ ಪೇಟೆಯ ಮನೆಯಲ್ಲಿ ಅವ್ವ ಚನ್ನವ್ವ ಹಂಡೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಹಿಂಡಲಕಾಯಿ ಬಳ್ಳಿ ಸುತ್ತಿ, ಮುಂದೆ ದೀಪ ಇಟ್ಟಿದ್ದಳು. ಸುತ್ತಲೂ ಕೊಡ, ಬಿಂದಿಗೆ, ಬಕೆಟ್ಟು, ಪಾತ್ರೆಗಳಲ್ಲಿ ತಣ್ಣೀರು. ನಳಕ್ಕೆ ನೀರು ಬರುವುದು ವಾರಕ್ಕೊಮ್ಮೆಯಾದ್ದರಿಂದ ಈ ಹಬ್ಬದ ದಿನ ಮನೆಯಲ್ಲಿ ತಂಬಿಗೆ ಕೂಡ ಖಾಲಿ ಇಡುವುದಿಲ್ಲ. ಪೂಜೆಯಾದ ಮೇಲೆ ಹಂಡೆಯ ನೀರು ಗಂಗೆ. ನಸುಕಿನ ತನಕ ಯಾರೂ ಅದರಲ್ಲಿ ಕೈ ಅದ್ದುವಂತಿಲ್ಲ.

ಅಕ್ಕ ಹೇಮಾ ಹೆರಿಗೆಗೆ ಬಂದವಳು. ಕೂಸು ಹುಟ್ಟಿ, ಬಾಣಂತಿಯ ಗಂಗೆಪೂಜೆ ಮಾಡುವ ದಿನ ಬರುವುದರೊಳಗೆ ಜ್ವರ ಏರಿ ಗದಗಿನ ಆಸ್ಪತ್ರೆ ಸೇರಿದ್ದಳು. ಗಂಡ ಅವಳ ಜೊತೆಗೆ ಅಲ್ಲೇ ಇದ್ದ. ಯಾವ ಔಷಧಿಗೂ ಬಗ್ಗದ ರೋಗಾಣು ರಕ್ತಕ್ಕೆ ಹೊಕ್ಕಿತ್ತು. ಕೂಸು ಇಲ್ಲಿ, ಅಜ್ಜಿಯ ತೊಡೆಯ ಮೇಲೆ.

ಪಕ್ಕದ ಮನೆಯ ಫಕ್ಕೀರವ್ವ ಬಾಗಿಲಿಗೆ ಒರಗಿ ನಿಂತಿದ್ದಳು. ಹೋದ ವರ್ಷದ ತಂಬಿಗೆ ದಂಡಿನ ಮುಂದಾಳು ಅವಳೇ.

"ಬಂದ್ಲಪಾ ನೀರಿನ ಸಾಹೇಬಿ! ಈ ವರ್ಷ ನೆಟ್ಟಗ ಕಾಸೀಯವಾ, ಸುಳ್ಳ್ಯಾಕ ಹೇಳ್ಲಿ. ಬೆಟ್ಟು ಇಟ್ಟು ನೋಡೀನಿ, ಪೂಜಿ ಮುಂಚೇನ ಮತ್ತ! ಆದ್ರ ಫಲಕದ ಮ್ಯಾಲೆ 'ಹಬ್ಬದ ವಿಶೇಷ ಲೆಕ್ಕ' ಅಂತ ಬಂದೇತಲ್ಲ, ಅದೇನದು?"

ಸುಗಲಾ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. "ಅದು... ವಿಶೇಷ ಅತ್ತಿ. ಹಬ್ಬದ್ದು."

"ಹಬ್ಬಕ್ಕ ಏನ್ ಲೆಕ್ಕವಾ? ಎಷ್ಟ ಹೋಳಿಗಿ ಆದಾವು ಅಂತೇನು?"

ಸುಗಲಾ ನಗಲು ನೋಡಿದಳು. ಅಷ್ಟರಲ್ಲಿ ಫೋನು ಬಂತು. ಆಸ್ಪತ್ರೆಯ ಇನಾಮತಿ ಡಾಕ್ಟರು. ಈ ಸಲ ಎರಡನೆಯ ರಿಂಗಿನ ತನಕ ಅವಳು ಕಾಯಲಿಲ್ಲ.

"ಸುಗಲಾ, ನೀವು ಹಂಚಿಕೆ ಕೇಂದ್ರದಾಗ ಇದೀರಿ ಅಂತ ನಿಮ್ಮ ಭಾವ ಹೇಳಿದ್ರು. ಸಂಜಿಯಿಂದ ಹೇಮಾನ ಬಿಪಿ ಇಳ್ಯಾಕತ್ತೇತಿ. ಆ ರೋಗಾಣುವನ್ನ ತಿನ್ನೋ ವೈರಸ್ಸು ಒಂದ ಹುಡುಕಿ ಕೊಟ್ರ ಮಾತ್ರ ಉಪಾಯ. ಹುಬ್ಬಳ್ಳಿ ಭಂಡಾರದಾಗ ಅಂಥಾವು ಲಕ್ಷಗಟ್ಲೆ ಅದಾವ, ಇದಕ್ಕ ಹೊಂದೋದು ಯಾವುದು ಅಂತ ಲೆಕ್ಕ ಹಾಕ್ಬೇಕು. ಮಧ್ಯಾಹ್ನನ ನಿಮ್ಮ ಕೇಂದ್ರಕ್ಕ ಕಳಿಸೇವಿ. ಆಗ ಆಕಿ ಗಟ್ಟಿ ಇದ್ಲು, ನಾಳಿ ಮಧ್ಯಾಹ್ನ ಅಂತ ಗಡುವು ಹಾಕಿದ್ವಿ. ಈಗ ಹಂಗಿಲ್ಲ. ಇವತ್ತ ರಾತ್ರಿ ಊಟದ ಹೊತ್ತಿನೊಳಗ ಉತ್ತರ ಬೇಕು. ಸರದಿಯೊಳಗ ಎಲ್ಲಿಗೆ ಬಂದೇತಿ ಸ್ವಲ್ಪ ನೋಡ್ತೀರಾ?"

ಎಲ್ಲಿಗೆ ಬಂದಿದೆ ಎಂದು ನೋಡಬೇಕಾಗಿರಲಿಲ್ಲ. ಅದನ್ನು ಹಿಂದಕ್ಕೆ ದೂಡಿದ ಬೆರಳು ಈಗ ಫೋನು ಹಿಡಿದಿತ್ತು.

"ಏನಂತವಾ?" ಚನ್ನವ್ವ ಎದ್ದು ನಿಂತಳು.

"ಏನಿಲ್ಲ ಯವ್ವಾ. ಕೇಂದ್ರಕ್ಕ ಹೋಗಬೇಕು." ಚಪ್ಪಲಿ ಯಾವ ಕಾಲಿಗೆ ಯಾವುದೆಂದು ನೋಡದೆ ಮೆಟ್ಟಿಕೊಂಡು ಓಡಿದಳು. ಓಣಿಯ ತುಂಬ ಹಣತೆ ಹಚ್ಚುವ ಮಂದಿ. ಒಂದೊಂದು ಬಚ್ಚಲಿನಿಂದಲೂ ಬಿಸಿನೀರಿನ ಹಬೆ ಹೊರಗೆ ಬಂದು ಅವಳ ಮುಖಕ್ಕೆ ತಾಗುತ್ತಿತ್ತು. ಅಷ್ಟೂ ಹಬೆ ಅವಳದೇ.

*

"ಹುಬ್ಬಳ್ಳಿ?" ಕಬಾಡಿ ಸರ್ ಫೋನು ಇಟ್ಟು ತಲೆ ಅಲ್ಲಾಡಿಸಿದರು. "ಅಲ್ಲೂ ಕೆಂಪು. ಕೊಪ್ಪಳ, ಬಾಗಲಕೋಟಿ, ಎಲ್ಲಾ ಕಾದು ಕುಂತಾವ. ನಮ್ಮ ನಾಡಿನಾಗ ಇವತ್ತ ತಣ್ಣನ ಹಂಡಿ ಸಿಗೋದು ಕನಸು. ದೂರದ ರಾಜ್ಯದಾವ್ರು ನಾಳಿ ಕೊಡ್ತೀವಿ ಅಂತಾರ."

ಸುಗಲಾ ನಕ್ಷೆಯ ಮುಂದೆ ಅತ್ತಿಂದಿತ್ತ ನಡೆಯುತ್ತಿದ್ದಳು.

"ಎಷ್ಟ ಹಂಡಿ ಬೇಕು?"

"ಎರಡು ಸಾವಿರ ಇದ್ರ ಊಟದ ಹೊತ್ತಿಗೆ ಮುಗೀತೈತ್ರಿ. ಕಡಿಮಿ ಆದಷ್ಟೂ ತಡ."

"ಕರೆಂಟಿಗೆ ಕೊರತಿ ಇಲ್ಲ. ಬಿಲ್ಲೆಗೆ ಕೊರತಿ ಇಲ್ಲ." ಸರ್ ತಮ್ಮಷ್ಟಕ್ಕೆ ಅಂದರು. "ತಣ್ಣೀರಿಲ್ಲ."

"ಇತ್ತು ಸರ್. ಮಧ್ಯಾಹ್ನ ಇಡೀ ಊರ ತುಂಬ ಇತ್ತು." ಅವಳು ನಕ್ಷೆಯ ಕಡೆ ಕೈ ತೋರಿದಳು. "ಅಕ್ಕಿ ಬಾಜೂಕ ಇಟ್ಕೊಂಡು ಹೊಟ್ಟು ಕುಟ್ಟಿದೆ ನಾನು. ಯಾಕಂದ್ರ ಮಂದಿ ಬೈತಾರ ಅಂತ. ಬೈಸಿಕೊಳ್ಳಾಕ ಅಂಜಿ."

"ಸಹಿ ಮಾಡಿದಾಂವ ನಾನು. ಅಳೋದು ಆಮ್ಯಾಲೆ, ಮೊದಲ ಉಪಾಯ ಹೇಳು."

ಉಪಾಯ ಒಂದೇ ಇತ್ತು. ಮಂದಿ ಕಾದ ನೀರು ತೋಡಿ, ತಣ್ಣೀರು ಹೊಯ್ಯಬೇಕು. ಪೂಜೆ ಮಾಡಿದ ಗಂಗೆಯನ್ನು ಮುಟ್ಟಬೇಕು. ಸುಗಲಾ ಮೊದಲು ತನ್ನ ಮನೆಗೇ ಫೋನು ಮಾಡಿದಳು.

"ಯವ್ವಾ, ನಮ್ಮ ಹಂಡಿ ನೀರು ಬಕೆಟ್ಟಿಗೆ ತೋಡಿಬಿಡು, ತಣ್ಣೀರು ಹಾಕು. ಅಕ್ಕನ ಔಷಧಿ ಹುಡುಕಾಕ ಬೇಕಾಗೇತಿ."

ಆ ಕಡೆ ಕೂಸು ಕುಂಯ್ ಕುಂಯ್ ಅನ್ನುತ್ತಿತ್ತು.

"ಗಂಗಿಪೂಜಿ ತಪ್ಪಿದ್ದಕ್ಕ ಆಕೀ ಜ್ವರ ಇಳೀವಲ್ದು," ಅಂದಳು ಚನ್ನವ್ವ, ಪಿಸುದನಿಯಲ್ಲಿ. "ಈಗ ಮತ್ತ ಗಂಗವ್ವನ ಕೆಣಕು ಅಂತೀ?"

"ಯವ್ವಾ!"

ಫೋನು ಕಟ್ಟಾಯಿತು.

ನೀರು ಕಾದಾಗ ಹೇಳಲು ಪ್ರತಿ ಹಂಡೆಯಲ್ಲೂ ಒಂದು ಪುಟ್ಟ ಸ್ಪೀಕರು ಇರುತ್ತದೆ. 'ನೀರು ಕಾದಿದೆ, ನೋಡಿಕೊಳ್ಳಿ' ಎಂದು ಅದರಲ್ಲಿ ಬರುವ ದನಿಗೆ ಮಂದಿ ಹಂಡಿಯವ್ವ ಅಂತ ಹೆಸರಿಟ್ಟಿದ್ದರು. ಕೇಂದ್ರದಿಂದ ಮಾತನಾಡಿದರೂ ಅದರಲ್ಲೇ ಕೇಳುತ್ತದೆ. ಕಬಾಡಿ ಸರ್ ಗಂಟಲು ಸರಿ ಮಾಡಿಕೊಂಡು ಮೈಕು ಎಳೆದುಕೊಂಡರು.

"ಸಾರ್ವಜನಿಕರ ಗಮನಕ್ಕೆ. ತುರ್ತು ವೈದ್ಯಕೀಯ ಗಣನೆಯ ಪ್ರಯುಕ್ತ ಎಲ್ಲ ಗ್ರಾಹಕರು ತಮ್ಮ ಹಂಡೆಗಳ ಕಾದ ನೀರನ್ನು ತೆರವುಗೊಳಿಸಿ ತಣ್ಣೀರು ಭರ್ತಿ ಮಾಡಿ ಸಹಕರಿಸಬೇಕಾಗಿ ಕೋರಲಾಗಿದೆ."

ಇಬ್ಬರೂ ನಕ್ಷೆಯನ್ನೇ ನೋಡುತ್ತ ನಿಂತರು. ಕೆಂಪು ಕೆಂಪಾಗಿಯೇ ಇತ್ತು. ಸರ್ ಇನ್ನೊಮ್ಮೆ ಓದಿದರು, ಸ್ವಲ್ಪ ಗಟ್ಟಿಯಾಗಿ. ಒಂದು ಫೋನು ಬಂತು. "ಏನ್ರೀ, ಹೋದ ವರ್ಷ ಸುಡು ನೀರು ಕೊಟ್ರಿ, ಈ ವರ್ಷ ತೆರವು ಅಂತೀರಿ. ಮುಂದಿನ ವರ್ಷ ಹಂಡೀನ ತಗೊಂಡು ಹೋಗ್ರಿ!" ಅಂತ ಬೈದು ಇಟ್ಟರು.

ಸರ್ ಕನ್ನಡಕ ತೆಗೆದರು. "ನನ್ನ ಬಾಯಿಗೆ ಆಫೀಸು ಅಂಟಿಕೊಂಡೇತಿ ಸುಗಲಾ. ಎಷ್ಟ ತಿಕ್ಕಿದ್ರೂ ಹೋಗವಲ್ದು." ಮೈಕನ್ನು ಅವಳ ಕಡೆ ತಿರುಗಿಸಿದರು.

ಅವಳು ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಊರಿನ ಎಲ್ಲ ಬಚ್ಚಲುಗಳಲ್ಲಿ ಒಂದೇ ಸಲ ಮಾತನಾಡುವುದೆಂದರೆ! ಮನಸ್ಸಿನಲ್ಲಿ ಮೊದಲ ವಾಕ್ಯ ಕಟ್ಟಲು ನೋಡಿದಳು, ಅದು ಕಟ್ಟಲಿಲ್ಲ. ಎರಡನೆಯದೂ ಇಲ್ಲ. ಕಡೆಗೆ ವಾಕ್ಯವಿಲ್ಲದೆಯೇ ಮೈಕಿನ ಮುಂದೆ ಕೂತಳು.

"ನಾನು... ಸುಗಲಾ ಅಂತ. ಕುರಹಟ್ಟಿ ಪ್ಯಾಟಿ ಚನ್ನವ್ವನ ಸಣ್ಣ ಮಗಳು. ನಿಮ್ಮ ಹಂಡ್ಯಾಗಿನ ನೀರು ಕಾಸಿದಾಕಿ ನಾನ." ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. "ಅದು ವಿಶೇಷ ಲೆಕ್ಕ ಅಲ್ರಿ. ಹೊಟ್ಟು. ಯಾರಿಗೂ ಬ್ಯಾಡಾದ ಲೆಕ್ಕ. ಎಲ್ಲಾರಿಗೂ ನೀರು ಸಮ ಕಾಯಲಿ, ಯಾರೂ ಬೈಬಾರ್ದು ಅಂತ ಮಾಡಿದೆ. ಅದ ಹೊತ್ತಿಗೆ ಒಬ್ಬಾಕಿ ಬಾಣಂತಿ ಜೀವದ ಲೆಕ್ಕ ಬಂದು ಕುಂತಿತ್ತು, ಅದನ್ನ ನಾಳಿಗೆ ನೂಕಿದೆ. ಹೆಸರು ಗೊತ್ತಿರಲಿಲ್ಲ. ಗೊತ್ತಿದ್ರ ನೂಕ್ತಿದ್ದಿಲ್ಲ, ಯಾಕಂದ್ರ ಆಕಿ ನನ್ನ ಅಕ್ಕ. ಅದ ತಪ್ಪು ನೋಡ್ರಿ. ಯಾರದ ಇದ್ರೂ ನೂಕಬಾರದಾಗಿತ್ತು. ಈಗ ಲೆಕ್ಕ ಮಾಡಾಕ ತಣ್ಣೀರು ಬೇಕು. ಎಲ್ಲಾ ತಣ್ಣೀರು ನಾನು ಸುಟ್ಟೀನಿ. ಪೂಜಿ ಆಗೇತಿ, ಮುಟ್ಟಬಾರದು ಅಂತ ಗೊತ್ತೈತಿ. ಆದ್ರೂ ಕೇಳಾಕತ್ತೀನಿ."

ಅಷ್ಟು ಹೇಳಿ ಕುರ್ಚಿಗೆ ಒರಗಿದಳು. ಗುಂಡಿ ಆರಿಸುವುದು ಮರೆತುಹೋಯಿತು. ಅವಳು ಮೂಗೆಳೆದುಕೊಂಡದ್ದು ಊರಿನ ಎಲ್ಲ ಬಚ್ಚಲಲ್ಲೂ ಕೇಳಿಸಿತು.

ಮೊದಲ ಫೋನು ಯಾರೋ ಮುದುಕರದು. "ತಂಗಿ, ನಮ್ಮ ಹಂಡ್ಯಾಗ ಯಾರೋ ಹೆಣ್ಮಗಳು ಅಳಾಕತ್ತಾಳ. ರಿಪೇರಿಗೆ ಯಾವಾಗ ಬರ್ತೀರಿ?"

"ಹಂಡಿಗೆ ಏನಾಗಿಲ್ರಿ ಅಜ್ಜಾರ. ಅಳಾಕತ್ತಾಕಿ ನಾನು."

"ಹಂಗೇನು," ಅಂದು ಮುದುಕ ಸ್ವಲ್ಪ ಯೋಚಿಸಿದ. "ಹಂಗಾರ ಅಳಬ್ಯಾಡ ಬಿಡು, ಕೇಳಾಕ ಆಗವಲ್ದು."

ಎರಡನೆಯದು ಒಬ್ಬ ಹೆಂಗಸು. ಹಿಂದೆ ಮಕ್ಕಳ ಗದ್ದಲ. "ಯವ್ವಾ, ಆ ನೀರು ಚೆಲ್ಲಾಕ ಬೇಕೇನು? ವಾರದ ನೀರದು, ಹೊಟ್ಟಿ ಉರೀತೈತಿ. ಈಗ ಎರಕೊಂಡ್ರ ನಡೀತೈತೇನು?"

ಸುಗಲಾ ಎದ್ದು ನಿಂತಳು. ಇದು ತನಗೇಕೆ ಹೊಳೆಯಲಿಲ್ಲ?

"ನಡೀತೈತ್ರಿ! ಎರಕೋರಿ! ಮಕ್ಕಳಿಗೆ ಎರೀರಿ!" ಫೋನಿನಲ್ಲಿ ಹೇಳಿದ್ದೇ ಮೈಕಿನಲ್ಲೂ ಹೋಯಿತು. ಮೈಕಿನ ಗುಂಡಿ ಇನ್ನೂ ಹೊತ್ತಿಯೇ ಇತ್ತು. "ಒಂದು ಹನಿನೂ ಚೆಲ್ಲಬ್ಯಾಡ್ರಿ. ನಾಳಿ ಎರಕೊಳ್ಳೋದು ಇವತ್ತ ಎರಕೋರಿ. ಎಣ್ಣಿ ಹಚ್ಕೋರಿ, ಹಾಡಿ ಹರಸ್ಕೋರಿ. ತುಂಬಿಟ್ಟ ತಣ್ಣೀರು ಹಂಡಿಗೆ ಹಾಕ್ರಿ. ನಾಳಿ ನಸುಕಿಗೆ ನೀರು ಮತ್ತ ಕಾದಿರ್ತೈತಿ, ಈ ಸಲ ಖರೇ ಲೆಕ್ಕಕ್ಕ. ಸಮ ಕಾಯಂಗಿಲ್ಲ. ಒಬ್ಬರಿಗೆ ಬಿಸಿ, ಒಬ್ಬರಿಗೆ ತಣ್ಣಗ. ಬೈಯೋದಿದ್ರ ಬೈರಿ, ನಾನು ಬಾಗಲದಾಗ ನಿಂದರ್ತೀನಿ."

ನಕ್ಷೆಯ ಮೂಲೆಯಲ್ಲಿ ಒಂದು ಚುಕ್ಕೆ ನೀಲಿಯಾಯಿತು. ಯಾರ ಮನೆಯೆಂದು ಅವಳು ನೋಡಲಿಲ್ಲ; ಅದರ ಬಾಯಿಗೆ ತುತ್ತು ಹಾಕಿದಳು. ಆಮೇಲೆ ಅದರ ಪಕ್ಕದ್ದು. ಆಮೇಲೆ ಎಷ್ಟೋ ಹೊತ್ತು ಏನೂ ಇಲ್ಲ. ಸರ್ ಹಲ್ಲಿನ ನಡುವೆ ಅಡಿಕೆ ಕಚ್ಚಿಕೊಂಡು ಅಗಿಯದೆ ನಿಂತಿದ್ದರು. ತಲೆ ಎರೆದುಕೊಳ್ಳಲು ಹೊತ್ತು ಹಿಡಿಯುತ್ತದೆ, ಎಣ್ಣೆ ಹಚ್ಚಬೇಕು, ಸೀಗೆಕಾಯಿ ಕಲಸಬೇಕು ಅನ್ನುವುದು ಇಬ್ಬರಿಗೂ ಆ ಗಾಬರಿಯಲ್ಲಿ ನೆನಪಾಗಲಿಲ್ಲ. ನೆನಪಾಗುವ ಹೊತ್ತಿಗೆ ಒಂದು ಓಣಿ ಪೂರ್ತಿ ನೀಲಿಯಾಗಿತ್ತು. ಅದರ ಹಿಂದೆಯೇ ಇನ್ನೊಂದು. ಮಳೆಯ ಮೊದಲ ಹನಿಗಳು ಕೆಮ್ಮಣ್ಣಿನ ಮೇಲೆ ಬಿದ್ದ ಹಾಗೆ ಅಲ್ಲೊಂದು ಇಲ್ಲೊಂದು, ಆಮೇಲೆ ದಬದಬ.

ಹಂಚುವ ಕೆಲಸ ಅವಳನ್ನು ನುಂಗಿತು. ಚುಕ್ಕೆ ನೀಲಿಯಾದದ್ದೇ ತಡ, ತುತ್ತು ಕೊಡಬೇಕು. ಕೆಲವು ತುತ್ತು ಕೊಟ್ಟ ಕ್ಷಣಕ್ಕೆ ಮುಗಿದು ಬರುತ್ತಿದ್ದವು: ಈ ವೈರಸ್ಸು ಹೊಂದುವುದಿಲ್ಲ. ಕೆಲವು ಗಂಟಲಲ್ಲಿ ಸಿಕ್ಕ ಹಾಗೆ ಕೂತುಬಿಡುತ್ತಿದ್ದವು. ಅಂಥದರ ಅರ್ಧ ಮುರಿದು ಪಕ್ಕದ ಖಾಲಿ ಹಂಡೆಗೆ ಬಡಿಸಬೇಕು. ತುತ್ತು ಸಿಕ್ಕಿಕೊಂಡ ಹಂಡೆ ಕುದಿದು ಕಣ್ಣು ಮುಚ್ಚುವ ಮುಂಚೆ ಉಳಿದದ್ದನ್ನು ಎತ್ತಿ ಬೇರೆ ಕಡೆ ಇಡಬೇಕು. ಬರೆದಿಟ್ಟ ನಿಯಮಗಳೆಲ್ಲ ಸಮಬಿಸಿಗೆಂದು ಬರೆದವು. ಅವನ್ನೆಲ್ಲ ಬದಿಗಿಟ್ಟು ಕೈಯಿಂದಲೇ ಹಂಚಿದಳು. ನಡುನಡುವೆ ಕಣ್ಣು ಕುರಹಟ್ಟಿ ಪೇಟೆಗೆ ಹೋಗುತ್ತಿತ್ತು. ಅಲ್ಲಿ ಫಕ್ಕೀರವ್ವನ ಮನೆ ನೀಲಿ. ಎದುರು ಮನೆ ನೀಲಿ. ಸುತ್ತಲೂ ನೀಲಿಯ ನಡುವೆ ಒಂದೇ ಒಂದು ಕೆಂಪು ಚುಕ್ಕೆ, ಹಣೆಯ ಮೇಲಿನ ಬೊಟ್ಟಿನ ಹಾಗೆ.

ಅವ್ವಾ, ಅಂದುಕೊಂಡಳು. ಅಷ್ಟೇ. ಮತ್ತೆ ತುತ್ತು.

ಕಿಟಕಿಯಿಂದ ಇಡೀ ಊರಿನ ಸೀಗೆಕಾಯಿ ವಾಸನೆ ಒಳಗೆ ಬರುತ್ತಿತ್ತು. ಓಣಿಗಳಲ್ಲಿ ಒದ್ದೆ ತಲೆಯ ಮಕ್ಕಳು ಒಂದು ದಿನ ಮುಂಚೆಯೇ ಪಟಾಕಿ ಹಚ್ಚತೊಡಗಿದ್ದವು. ಊಟದ ಹೊತ್ತು ದಾಟುತ್ತಿತ್ತು. ಆಗ ಎಲ್ಲಿಂದಲೋ, ಯಾವುದೋ ಒಂದು ಬಚ್ಚಲಿನಿಂದ ಉತ್ತರ ಬಂತು: ಇದು ಹೊಂದುತ್ತದೆ.

ಸರ್ ಎರಡು ಸಲ ಓದಿ ಡಾಕ್ಟರಿಗೆ ಫೋನು ಹಚ್ಚಿದರು. ಭಂಡಾರದಿಂದ ಆ ಸೀಸೆ ಗದಗಿಗೆ ಹೊರಟಿತು. ಯಾವ ಮನೆಯ ಹಂಡೆ ಅದನ್ನು ಕಂಡುಹಿಡಿಯಿತೆಂದು ಸುಗಲಾ ನೋಡಹೊರಟು, ಬೇಡವೆಂದು ಬಿಟ್ಟಳು.

*

ನಸುಕಿಗೆ ಮನೆಗೆ ಬಂದಾಗ ಬಚ್ಚಲಿನ ದೀಪ ಇನ್ನೂ ಉರಿಯುತ್ತಿತ್ತು. ಚನ್ನವ್ವ ಹಂಡೆಯ ಮುಂದೆ ಮಣೆಯ ಮೇಲೆ ಕೂತಿದ್ದಳು, ಕೂಸನ್ನು ಮಡಿಲಲ್ಲಿಟ್ಟುಕೊಂಡು. ಪಟ್ಟೆ ಅಳಿಸಿರಲಿಲ್ಲ, ಬಳ್ಳಿ ಬಾಡಿರಲಿಲ್ಲ. ಪಕ್ಕದಲ್ಲಿ ಒಂದು ಖಾಲಿ ಬಕೆಟ್ಟು ಮತ್ತು ತೋಡುವ ತಂಬಿಗೆ.

"ಸೀಸೆ ಮುಟ್ಟೇತಿ ಯವ್ವಾ. ಕೊಟ್ಟಾರಂತ. ಇನ್ನ ನೋಡಬೇಕು ಅಂದಾರ."

ಚನ್ನವ್ವ ತಲೆ ಎತ್ತಲಿಲ್ಲ. "ನಿನ್ನ ದನಿ ಇದರಾಗ ಕೇಳಿದೆ. ಆಮ್ಯಾಲೆ ಎದ್ದೆ. ತಂಬಿಗಿ ತಗೊಂಡೆ. ಎಷ್ಟೋ ಸಲ ತಗೊಂಡೆ. ಊರ ಮಂದಿ ನನ್ನ ಮಗಳ ಸಲುವಾಗಿ ನೀರು ತಗದ್ರು. ಹಡೆದಾಕಿ ನಾನು, ನನ್ನ ಕೈ ಏಳಲಿಲ್ಲ. ಮುಟ್ಟಿದ್ರ ಹೋಗ್ತಾಳ, ಮುಟ್ಟದಿದ್ರೂ ಹೋಗ್ತಾಳ ಅನ್ನಿಸ್ತು."

ಸುಗಲಾ ಪಕ್ಕದಲ್ಲಿ ನೆಲಕ್ಕೇ ಕೂತಳು. ಬೈಗುಳಕ್ಕೆ ಅಂಜಿ ತಾನು ಊರ ನೀರು ಸುಟ್ಟಿದ್ದಳು; ಗಂಗೆಗೆ ಅಂಜಿ ಅವ್ವ ಒಂದು ಹಂಡೆ ನೀರು ಕಾಯ್ದಿಟ್ಟಿದ್ದಳು. ಅವ್ವನ ಭುಜಕ್ಕೆ ಭುಜ ತಾಗಿಸಿದಳು. ಹಂಡೆಯ ಕೊರಳಲ್ಲಿ ಇನ್ನೂ ಅದೇ ಸಾಲು: ಹಬ್ಬದ ವಿಶೇಷ ಲೆಕ್ಕ.

ಬಾಗಿಲು ದೂಡಿಕೊಂಡು ಫಕ್ಕೀರವ್ವ ಬಂದಳು. ಟೊಂಕದ ಮೇಲೆ ಹಬೆಯಾಡುವ ಕೊಡ, ತಲೆಗೆ ಒದ್ದೆ ಪಂಚೆ.

"ಏನ್ ಕಾಸಿಯವಾ ಸುಗಲೀ! ನಮ್ಮದು ಕುದ್ದು ಮುಚ್ಚಳ ಹಾರಾಕತ್ತೇತಿ. ಎದುರು ಮನ್ಯಾಕಿಗೆ ಮೂಗು ತೊಳ್ಕೊಳ್ಳಾಕೂ ಆಗವಲ್ದು, ಅಷ್ಟ ತಣ್ಣಗ. ಆಕಿಗೆ ಎರಡು ಕೊಡ ಕೊಟ್ಟು ಬಂದೆ. ಇಡೀ ಓಣಿ ಈಗ ಕೊಡ ಹೊತ್ಕೊಂಡು ತಿರುಗಾಕತ್ತೇತಿ, ಬಿಸಿ ಇದ್ದಾಕಿ ತಣ್ಣಗಿದ್ದಾಕಿ ಮನಿಗೆ. ಹೋದ ವರ್ಷ ನಮಗ್ಯಾಕ ಇದು ತಿಳೀಲಿಲ್ಲೋ ಏನೋ, ತಂಬಿಗಿ ಹಿಡ್ಕೊಂಡು ಬೈಯಾಕ ಬಂದಿದ್ವಿ." ಆಮೇಲೆ ಬಚ್ಚಲು ನೋಡಿದಳು. ಅಳಿಸದ ಪಟ್ಟೆ, ಖಾಲಿ ಬಕೆಟ್ಟು, ಚನ್ನವ್ವನ ಬಗ್ಗಿದ ತಲೆ.

ನಂತರ ಕೊಡ ಇಳಿಸಿದಳು. "ಚನ್ನಕ್ಕ, ಏಳು. ಕಾಲು ಚಾಚಿ ಕುಂದರು. ಕೂಸಿಗೆ ಎರಿಯೋಣು. ಈ ನೀರು ಅದರವ್ವನ ಲೆಕ್ಕಕ್ಕ ಕಾದದ್ದು, ನನ್ನ ಹಂಡಿ ಮ್ಯಾಲೆ ಬರದೇತಿ ನೋಡು ಹೋಗು, 'ಬಾಣಂತಿಯೊಬ್ಬಳ ಜ್ವರದ ಲೆಕ್ಕ' ಅಂತ. ಇದಕ್ಕಿಂತ ಮಡಿನೀರು ಎಲ್ಲಿ ತರ್ತಿ?"

ಚನ್ನವ್ವ ಮೆಲ್ಲಗೆ ಕಾಲು ಚಾಚಿದಳು. ಕೂಸನ್ನು ಕಾಲಮೇಲೆ ಬೋರಲು ಮಲಗಿಸಿ ಎಣ್ಣೆ ಸವರಿದಳು. ಫಕ್ಕೀರವ್ವ ನೀರಿಗೆ ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡಿ, ತಂಬಿಗೆ ಬಗ್ಗಿಸಿದಳು. ಮೊದಲ ನೀರು ಬೆನ್ನಿಗೆ ಬಿದ್ದದ್ದೇ ಕೂಸು ಹಂಚು ಹಾರುವ ಹಾಗೆ ಚೀರಿತು.

ಆ ಚೀರಾಟದ ನಡುವೆಯೇ ಫೋನು. ಭಾವನ ನಂಬರು. ಒಂದು ರಿಂಗು. ಎರಡು. ಮನಸ್ಸಿನಲ್ಲಿ ಯಾವ ವಾಕ್ಯವೂ ಇರಲಿಲ್ಲ. ಒತ್ತಿದಳು.

ಆ ಕಡೆ ಉಸಿರಾಟ. ಆಮೇಲೆ ಬಾವಿಯ ತಳದಿಂದ ಬಂದ ಹಾಗೆ, ಒಣಗಿದ, ಸಿಡಿಮಿಡಿಗೊಂಡ ಒಂದು ದನಿ:

"ಯಾಕ ಹಂಗ ಚೀರಾಕತ್ತೇತಿ ನನ್ನ ಕೂಸು? ನೀರು ಭಾಳ ಸುಡಾಕತ್ತೇತೇನು? ನೋಡಿ ಎರೀರೇ."